ನೋಡದೆ ಮೆಚ್ಚಿದ ಚಿತ್ರ

ಈ ತಿಂಗಳ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ ಎಂಬ ಬಂಗಾಳಿ ಚಲಚ್ಚಿತ್ರವನ್ನು ನಾನು ಮೂವತ್ತು ವರ್ಷಗಳಿಂದ ಹೊಗಳುತ್ತ ಬಂದಿದ್ದೇನೆ. ಅದನ್ನು ನೋಡಿದ್ದು ಮಾತ್ರ ಕಳೆದ ಮಳೆಗಾಲದಲ್ಲಿ. ನಡುವಣ ಕಾಲವೆಲ್ಲ ನಾನು ಆಡಿದ ಮೆಚ್ಚಿಕೆಯ ಮಾತು ಪರರ ಮಾತಾಗಿತ್ತು. ಸಿನೆಮಾ ಎಂದರೆ ಪ್ರಾಣವೆಂದು ಹೇಳಿಕೊಳ್ಳತಕ್ಕವನ ಬಾಯಿಂದ ಇಂಥ ಮಾತು ಬರುವುದು ನಾಚಿಕೆಗೇಡೇ ಸರಿ. ಆದರೆ ವಾಚಕರಲ್ಲಿ ಎಷ್ಟು ಮಂದಿ ನನ್ನನ್ನು ನೋಡಿ ನಗಬಲ್ಲರೋ, ಅವರು ಮೊದಲು ತಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳಲಿ.

ಇದು ಹೇಗೆ ಆಗುತ್ತದೆಂಬುದು ವಿಚಾರ ಮಾಡತಕ್ಕದ್ದು. ಯಾವುದಾದರೂ ಮದುವೆಯ ಮನೆಯಲ್ಲಿ ಊಟವಾದ ಮೇಲೆ ನಾಲ್ಕು ಜನ ಜಗುಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುವಾಗ ಚಿತ್ರಗಳ ಮಾತು ಬರುತ್ತದೆ. ಒಬ್ಬರು ಆ ಹೆಸರನ್ನು ಹೇಳುತ್ತಾರೆ, ಮಿಕ್ಕವರು ತಲೆದೂಗುತ್ತಾರೆ. ‘ನಾನು ನೋಡಿಲ್ಲ’ ಎನ್ನುವುದಕ್ಕೆ ಆ ಒಂದು ಕ್ಷಣದಲ್ಲಿ ಸಂಕೋಚವಾಗುತ್ತದೆ. ಒಮ್ಮೆ ತಲೆದೂಗಿದವನು ಮುಂದಿನ ಸಲ ಎರಡು ಮಾತನ್ನೂ ಆಡಬೇಕಾಗುತ್ತದೆ. ಮೂರನೆಯ ಸಲಕ್ಕೆ ತಾನು ನಿಜವಾಗಿಯೂ ನೋಡಿದ್ದೇನೆಂದು ಅವನಿಗೇ ತೋರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿದರು. ನಾವೋ, ಕಾಣದೆಯೇ ಪ್ರಮಾಣ ಮಾಡುತ್ತೇವೆ.

ನನಗೆ ತಿಳಿದುದೇನೂ ಸ್ವಲ್ಪವಾಗಿರಲಿಲ್ಲ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ ರಾಯರು 1952ರಲ್ಲಿ ಚಿತ್ರೀಕರಣಕ್ಕೆ ಕೈಹಾಕಿದರೆಂದೂ, ಹಣ ಸಾಲದೆ ಪತ್ನಿಯ ಒಡವೆಗಳನ್ನು ಅಡವಿಟ್ಟರೆಂದೂ, ಕಾಶದ ಹುಲ್ಲಿನ ಬಿಳಿಯ ಹೂಗಳ ನಡುವೆ ಒಂದು ದಿನ ಚಿತ್ರ ತೆಗೆದು ಮುಂದಿನ ವಾರ ಹೋಗುವಷ್ಟರಲ್ಲಿ ದನಗಳು ಅವನ್ನೆಲ್ಲ ಮೇದುಬಿಟ್ಟಿದ್ದುದರಿಂದ ಮರುವರ್ಷದ ಹೂವಿಗಾಗಿ ಕಾಯಬೇಕಾಯಿತೆಂದೂ ಬಲ್ಲೆನು. ಕಡೆಗೆ ಪಶ್ಚಿಮ ಬಂಗಾಳದ ಸರ್ಕಾರವು ಹಣ ಕೊಟ್ಟಿತು. ಹೆಸರಿನಲ್ಲಿ ದಾರಿಯ ಮಾತು ಇದ್ದುದರಿಂದ ಅದು ರಸ್ತೆ ಸುಧಾರಣೆಯ ಬಾಬ್ತಿನಲ್ಲಿ ಲೆಕ್ಕಕ್ಕೆ ಬಂದಿತೆಂಬ ವಿನೋದವನ್ನೂ ಅನೇಕ ಸಲ ಹೇಳಿ ನಗಿಸಿದ್ದೇನೆ. 1955ರಲ್ಲಿ ಚಿತ್ರವು ತೆರೆಗೆ ಬಂದುದು, 1956ರಲ್ಲಿ ಫ್ರಾನ್ಸ್ ದೇಶದ ಕಾನ್ ನಗರದ ಉತ್ಸವದಲ್ಲಿ ಮನ್ನಣೆ ಪಡೆದುದು, ರವಿಶಂಕರರ ಸಂಗೀತ, ಎಲ್ಲವೂ ಕಂಠಪಾಠವಾಗಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ರೈಲಿನ ದೃಶ್ಯವನ್ನು ಕುರಿತು ಮಾತನಾಡುತ್ತಿದ್ದೆ. ಅಕ್ಕ ದುರ್ಗಾ, ತಮ್ಮ ಅಪು, ಇಬ್ಬರೂ ಹೂವಿನ ಬಯಲಲ್ಲಿ ಓಡುವುದು, ಕರಿಯ ಹೊಗೆಯ ರೈಲು ಹಾದುಹೋಗುವುದು: ಇದನ್ನು ಯಾರು ಬಲ್ಲದೆ ಇದ್ದಾರೆ?

ಕಳೆದ ಆಷಾಢದ ಒಂದು ಭಾನುವಾರ, ಹೊರಗೆ ಜಡಿಮಳೆ. ಮನೆಯಲ್ಲಿ ಎಲ್ಲರೂ ಇದ್ದರು. ಮಗನು, ‘ನೀವು ಯಾವಾಗಲೂ ಹೇಳುವ ಆ ಚಿತ್ರವನ್ನೇ ಹಾಕುತ್ತೇನೆ’ ಎಂದನು. ಬೇಡವೆನ್ನಲು ನನಗೆ ಕಾರಣ ದೊರೆಯಲಿಲ್ಲ. ಎಂಬತ್ತೆರಡು ವರ್ಷದ ನನ್ನ ತಾಯಿಯವರೂ ಕುರ್ಚಿಯಲ್ಲಿ ಬಂದು ಕುಳಿತರು. ಅವರಿಗೆ ಬಂಗಾಳಿಯೂ ತಿಳಿಯದು, ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರವೂ ತಿಳಿಯದು. ಸೊಸೆಯು ಪಕ್ಕದಲ್ಲಿ ಕುಳಿತು ಒಂದೊಂದು ಮಾತನ್ನು ಕನ್ನಡದಲ್ಲಿ ಹೇಳುತ್ತ ಬಂದಳು. ಅರ್ಧ ಗಂಟೆಯಾದ ಮೇಲೆ ತಾಯಿಯವರು, ‘ಸಾಕು, ನನಗೆ ತಿಳಿಯುತ್ತದೆ’ ಎಂದು ಅವಳನ್ನು ಸುಮ್ಮನಾಗಿಸಿದರು.

ಆ ಬಡ ಬ್ರಾಹ್ಮಣನ ಮನೆಯಲ್ಲಿ ಒಬ್ಬ ಮುದುಕಿಯಿದ್ದಾಳೆ, ಇಂದಿರ್ ಠಾಕ್ರುಣ್. ಯಜಮಾನನಿಗೆ ದೂರದ ಅಕ್ಕನಾಗಬೇಕಾದವಳು, ದಿಕ್ಕಿಲ್ಲದವಳು. ಹಿಂದೊಮ್ಮೆ ರಂಗಭೂಮಿಯಲ್ಲಿದ್ದ ಚುನಿಬಾಲಾ ದೇವಿಯೆಂಬ ವೃದ್ಧೆಯು ಆ ಪಾತ್ರವನ್ನು ವಹಿಸಿದ್ದಾರೆ. ಬಾಗಿದ ಬೆನ್ನು, ಸುಕ್ಕುಗಟ್ಟಿದ ಕೆನ್ನೆ, ಮಕ್ಕಳನ್ನು ಕಂಡರೆ ಹಲ್ಲಿಲ್ಲದ ನಗೆ. ಮನೆಯೊಡತಿಯಾದ ಸರ್ವಜಯೆಗೆ ಅವಳು ಒಂದು ಹೆಚ್ಚಿನ ಬಾಯಿ. ಒಂದು ದಿನ ಅವಳು ಮೈ ಸರಿಯಿಲ್ಲದೆ ತನ್ನ ಚಾಪೆ ಗಂಟುಗಳೊಡನೆ ಹಿಂದಿರುಗಿ ಬಂದು, ಇಲ್ಲಿಯೇ ಇರುತ್ತೇನೆಂದು ಬೇಡುತ್ತಾಳೆ, ಮನೆಯೊಡತಿ ಒಪ್ಪುವುದಿಲ್ಲ. ಮುದುಕಿ ಕುಡಿಯಲು ನೀರು ಕೇಳುತ್ತಾಳೆ. ನೀನೇ ತೆಗೆದುಕೋ ಎಂಬ ಉತ್ತರ ಬರುತ್ತದೆ. ಅವಳು ತಾನೇ ಎದ್ದು ನೀರು ಕುಡಿದು, ಉಳಿದುದನ್ನು ಅಂಗಳದಲ್ಲಿ ತಾನು ಬೆಳೆಸಿದ ಪುಟ್ಟ ಗಿಡಕ್ಕೆ ಹೊಯ್ದು, ಮೆಲ್ಲನೆ ಹೊರಟುಹೋಗುತ್ತಾಳೆ.

ಅದೇ ಹೊತ್ತಿನಲ್ಲಿ ಮಕ್ಕಳು ಬಯಲಲ್ಲಿ ಓಡುತ್ತಿದ್ದಾರೆ. ನಾನು ಮೂವತ್ತು ವರ್ಷ ಹೊಗಳಿದ ರೈಲು ಬಂದಿತು. ಅದು ಹಾದುಹೋಗುವುದು ಕೆಲವೇ ಕ್ಷಣ. ಇನ್ನೂ ಆ ಸಂತೋಷದಲ್ಲಿಯೇ ಮಕ್ಕಳು ಮನೆಗೆ ಹಿಂದಿರುಗುವಾಗ, ಬಿದಿರುಮೆಳೆಯ ಹಾದಿಯಲ್ಲಿ ಆ ಮುದುಕಿ ಕುಳಿತಿರುವುದನ್ನು ಕಾಣುತ್ತಾರೆ. ನಿದ್ರೆಯೆಂದು ಭಾವಿಸಿ ದುರ್ಗಾ ಅಲುಗಿಸುತ್ತಾಳೆ. ಅದು ನಿದ್ರೆಯಲ್ಲ.

ರೈಲಿನ ಮಗ್ಗುಲಲ್ಲಿಯೇ ಈ ಸಾವು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಾರೆ. ಕೀರ್ತಿಯೆಂಬುದು ಒಂದು ಚಿತ್ರದಿಂದ ನಾಲ್ಕು ತುಣುಕುಗಳನ್ನು ಹರಿದುಕೊಂಡು ಊರೂರು ತಿರುಗುತ್ತದೆ. ಅವು ಯಾವುದರ ಪಕ್ಕದಲ್ಲಿದ್ದುವೆಂಬುದನ್ನು ಮಾತ್ರ ಬಿಟ್ಟುಬಿಡುತ್ತದೆ. ಕೃತಿಯ ಪ್ರಾಣವಿರುವುದು ಆ ಪಕ್ಕದಲ್ಲಿ. ರೈಲನ್ನು ಕೇಳಿ ತಿಳಿಯಬಹುದು. ಆ ಒಂದು ಲೋಟ ನೀರನ್ನು ನೋಡಿಯೇ ತಿಳಿಯಬೇಕು.

ಚಿತ್ರ ಮುಗಿದ ಮೇಲೆ ಮನೆಯಲ್ಲಿ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾಯಿಯವರು, ‘ಆ ಹುಡುಗಿ, ಮಕ್ಕಳ ತಾಯಿ, ಕೆಟ್ಟವಳಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ, ಅಷ್ಟೆ’ ಎಂದರು. ನನ್ನ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. ಆದರೂ ಮಲಗುವ ಮುನ್ನ ತಂಬಿಗೆಗೆ ನೀರು ತುಂಬಿಕೊಂಡು ಗೋಡೆ ಹಿಡಿದು ಕೋಣೆಗೆ ಹೋಗುವುದು ಆ ದಿನದವರೆಗೆ ತಾಯಿಯವರ ಕೆಲಸವಾಗಿಯೇ ಇದ್ದಿತು. ಅದನ್ನು ನಾನು ದಿನವೂ ನೋಡುತ್ತಿದ್ದೆ, ಕಾಣುತ್ತಿರಲಿಲ್ಲ. ಅಂದಿನಿಂದ ತಂಬಿಗೆಯನ್ನು ನಾನು ತುಂಬಿಡುತ್ತೇನೆ. ಇದರ ವಿಷಯದಲ್ಲಿ ಅವರೂ ಮಾತೆತ್ತಿಲ್ಲ, ನಾನೂ ಎತ್ತಿಲ್ಲ.

ಈ ಚಿತ್ರವು ನನ್ನ ಪಾಲಿಗೆ ಉಳಿದಿದ್ದುದೇ ಒಂದು ಭಾಗ್ಯ. 1993ರಲ್ಲಿ ಲಂಡನ್ ನಗರದ ಒಂದು ಪ್ರಯೋಗಶಾಲೆಯಲ್ಲಿ ಬೆಂಕಿ ಬಿದ್ದು ಇದರ ಮೂಲ ಸುರುಳಿಗಳು ಸುಟ್ಟುಹೋದುವು. ಅಳಿದುಳಿದ ತುಂಡುಗಳನ್ನು ಎಸೆಯದೆ ಅಮೆರಿಕೆಯಲ್ಲಿ ಕಾಪಾಡಿದರು. ಅನಂತರ ಇಟಲಿಯ ಬೊಲೋನ್ಯದಲ್ಲಿ ಬಲ್ಲವರು ಆ ಸೆಟೆದ ಪಟ್ಟಿಗಳಿಗೆ ಮತ್ತೆ ತೇವ ಕೊಟ್ಟು, ಅಂಚಿನ ಹರಿದ ರಂಧ್ರಗಳನ್ನು ಕೈಯಿಂದ ಸರಿಪಡಿಸಿ, ಕೂಡದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಚಿತ್ರವನ್ನು ಮತ್ತೆ ಲೋಕದ ಮುಂದಿಟ್ಟರು.

ಎಲ್ಲ ಚಿತ್ರಗಳಿಗೂ ಈ ಪುಣ್ಯವಿಲ್ಲ. ನಮ್ಮ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚಿಯಲ್ಲಿ ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವೈ. ವಿ. ರಾಯರು ನಿರ್ದೇಶಕರು, ಬೆಳ್ಳಾವೆ ನರಹರಿಶಾಸ್ತ್ರಿಗಳ ರಚನೆ, ಸುಬ್ಬಯ್ಯನಾಯಿಡುಗಳು ಇಂದ್ರಜಿತು, ತ್ರಿಪುರಾಂಬೆಯವರು ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಹೆಸರನ್ನು ಬಲ್ಲವರು ನಾಡಿನಲ್ಲೆಲ್ಲ ಇದ್ದಾರೆ. ನೋಡಬೇಕೆಂದರೆ ಒಂದು ಪ್ರತಿಯೂ ಉಳಿದು ದೊರೆತಿಲ್ಲ. ಅಂದಿನ ಚಿತ್ರಪಟ್ಟಿಗಳು ಬೇಗನೆ ಬೆಂಕಿ ಹಿಡಿಯುವ ನೈಟ್ರೇಟಿನವು; ಆಟ ಮುಗಿದ ಸುರುಳಿಗಳನ್ನು ಅದರೊಳಗಣ ಬೆಳ್ಳಿಯ ಆಸೆಗೆ ಕರಗಿಸುವುದೂ ಇದ್ದಿತು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು 1964ರಲ್ಲಿ, ಅಂದರೆ ಆ ಚಿತ್ರ ಬಂದು ಮೂವತ್ತು ವರ್ಷಗಳಾದ ಮೇಲೆ. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ದ ಗತಿಯೂ ಇದೇ.

ಹೀಗೆ, ನೋಡದ ಚಿತ್ರಗಳಲ್ಲಿ ಎರಡು ಬಗೆ. ಒಂದು, ನೋಡಬೇಕೆಂದರೂ ನೋಡಲಾರದವು. ಅವುಗಳ ವಿಷಯದಲ್ಲಿ ನಾವು ದುಃಖಪಡಬಹುದು. ಇನ್ನೊಂದು, ಕೈಗೆಟುಕುವಂತಿದ್ದು ‘ನಾಳೆ ನೋಡೋಣ’ ಎಂದು ಬಿಟ್ಟವು; ಅವುಗಳ ವಿಷಯದಲ್ಲಿ ನಾಚಬೇಕು. ‘ಸತಿ ಸುಲೋಚನಾ’ವನ್ನು ಕಾಣಲು ಏನನ್ನಾದರೂ ಕೊಡುತ್ತೇನೆಂದು ಹೇಳುವ ಸಿನೆಮಾ ಪ್ರಿಯನ ಮನೆಯಲ್ಲಿಯೇ ಹತ್ತು ಮೇರುಕೃತಿಗಳು ನೋಡುವವರಿಲ್ಲದೆ ಕಾದಿರುತ್ತವೆ. ನಾನೂ ಅಂಥವನೇ ಆಗಿದ್ದೆ.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ. ತಾವು ನೋಡದೆ ಮೆಚ್ಚಿದ ಚಿತ್ರಗಳಲ್ಲಿ ಒಂದನ್ನು ಈ ತಿಂಗಳು ಆರಿಸಿಕೊಳ್ಳಿರಿ. ಎರಡು ಗಂಟೆಗಳ ಮಾತು. ಮನೆಯಲ್ಲಿ ವೃದ್ಧರಿದ್ದರೆ ಅವರನ್ನು ಮುಂದಿನ ಕುರ್ಚಿಯಲ್ಲಿ ಕುಳ್ಳಿರಿಸಿರಿ. ಭಾಷೆ ಬಾರದಿದ್ದರೆ ಯಾರಾದರೊಬ್ಬರು ಓದಿ ಹೇಳಲಿ. ಮೆಚ್ಚಿಕೆಯಾಗದಿದ್ದರೆ ಆಗಲಿಲ್ಲವೆಂದು ಧೈರ್ಯವಾಗಿ ಹೇಳಿರಿ. ಅದಾದರೂ ನಿಮ್ಮ ಸ್ವಂತದ ಮಾತಾಗುತ್ತದೆ. ಅಲ್ಲಿಯವರೆಗೆ ಜಗುಲಿಯ ಮೇಲೆ ಯಾರಾದರೂ ಆ ಹೆಸರೆತ್ತಿದರೆ, ‘ಇನ್ನೂ ನೋಡಿಲ್ಲ’ ಎಂದುಬಿಡಿರಿ. ನಾನು ಈಚೆಗೆ ಹಾಗೆ ಒಮ್ಮೆ ಬೇರೊಂದು ಚಿತ್ರದ ವಿಷಯದಲ್ಲಿ ಹೇಳಿದಾಗ, ಪಕ್ಕದಲ್ಲಿದ್ದವರು ಸುತ್ತ ನೋಡಿ, ದನಿ ತಗ್ಗಿಸಿ, ‘ನಾನೂ ನೋಡಿಲ್ಲ’ ಎಂದರು. ಬರುವ ಭಾನುವಾರ ಅವರು ಕುಟುಂಬಸಹಿತರಾಗಿ ನಮ್ಮ ಮನೆಗೆ ಬರತಕ್ಕವರಿದ್ದಾರೆ.