ಸಕ್ಕರೆ ಅಳೆದವರು ತೂಕ ಕೇಳಲಿಲ್ಲ

2025ರಲ್ಲಿ ರಾಜ್ಯದ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಶುರುವಾಯಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಲೆಯುವುದು ಎಷ್ಟೋ ಜನರಿಗೆ ತಪ್ಪಿತು, ಸಂತೋಷ. ಆದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೈತಪ್ಪಿ ಹೋಗುವುದು ಅದಕ್ಕೂ ಮೊದಲು, ಮನೆಬಾಗಿಲಲ್ಲಿ ಸಕ್ಕರೆ ಅಳೆದ ದಿನವೇ. 2022ರಲ್ಲಿ ಜಗತ್ತಿನಲ್ಲಿ ಇದು ಹೊಸದಾಗಿ ಕಂಡದ್ದು ಸುಮಾರು 5.1 ಲಕ್ಷ ಜನರಲ್ಲಿ, ಸತ್ತವರು 4.67 ಲಕ್ಷ.

ಯಾರೂ ಗಮನಿಸದ ಸಂಖ್ಯೆಯೊಂದಿದೆ. 50 ದಾಟಿದ ಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡ 2,122 ಜನರ ದಾಖಲೆಯನ್ನು ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಜಾಲಾಡಿ 2005ರಲ್ಲಿ ಪ್ರಕಟಿಸಿದರು. ಮೂರೇ ವರ್ಷದಲ್ಲಿ 18 ಮಂದಿಗೆ ಈ ಕ್ಯಾನ್ಸರ್. ನೂರಕ್ಕೆ ಒಂದೂ ಇಲ್ಲವಲ್ಲ ಎನ್ನಬೇಡಿ, ಅದು ಸಾಮಾನ್ಯರಿಗಿಂತ ಸುಮಾರು 8 ಪಟ್ಟು. ಈ ಕ್ಯಾನ್ಸರ್ ಇರುವ ಹಲವರಲ್ಲಿ ಸಕ್ಕರೆ ಏರುವಾಗಲೇ ತೂಕ ಇಳಿಯುತ್ತದೆ. ಅಂಥವರಲ್ಲಿ ಸಕ್ಕರೆಯೇ ಗಡ್ಡೆಯ ಮೊದಲ ಸುಳಿವಾಗಬಹುದು.

ಚನ್ನಗಿರಿ ತಾಲೂಕಿನ ತ್ಯಾವಣಿಗೆಯ ರೈತನೊಬ್ಬನಿಗೆ 58ಕ್ಕೆ ಶುಗರ್ ಬಂತು ಎಂದಿಟ್ಟುಕೊಳ್ಳಿ. ಅಂಗಿ ಸಡಿಲವಾಗಿದೆ. ‘ಶುಗರ್ ಬಂದ್ರೆ ಸೊರಗ್ತಾರೆ ಬಿಡ್ರಿ’ ಎನ್ನುತ್ತದೆ ಊರು. ಅನ್ನ ಬಿಟ್ಟು ಮುದ್ದೆ ಹಿಡಿದದ್ದಕ್ಕೆ ಎನ್ನುತ್ತಾಳೆ ಹೆಂಡತಿ. ಮನೆಬಾಗಿಲಿಗೆ ಬರುವ ಗೃಹ ಆರೋಗ್ಯ ಯೋಜನೆಯವರು ಮಾತ್ರೆ ಕೊಟ್ಟು ಹೋಗುತ್ತಾರೆ. ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ‘ತೂಕ ಇಳಿದಿದೆಯೇ’ ಎಂಬ ಪ್ರಶ್ನೆ ಇದ್ದೇ ಇದೆ, ಕ್ಷಯದ ಪತ್ತೆಗೆ! ಆ ಉತ್ತರವನ್ನು ಸಕ್ಕರೆಯ ಅಂಕಿಯ ಪಕ್ಕ ಇಟ್ಟು ಓದಿ ಎಂದು ಆಕೆಗೆ ಯಾರೂ ಹೇಳಿಲ್ಲ.

ಈ ಗ್ರಂಥಿಯ ಗಡ್ಡೆ ತರುವ ಕಾಮಾಲೆಯದೂ ಇದೇ ಪಾಡು. ನೋವಿಲ್ಲದ ಕಾಮಾಲೆ, ಬಿಳಿಚಿದ ಮಲ, ಕಡುಬಣ್ಣದ ಮೂತ್ರ, ಮೈತುಂಬ ತುರಿಕೆ ಇದ್ದರೆ ಪಿತ್ತನಾಳ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ನಾಳವು ಕರುಳಿಗೆ ಸೇರುವ ತುದಿಯಲ್ಲಿ ಗಡ್ಡೆಯಿದ್ದರೆ ಕಾಮಾಲೆ ಕೆಲವೊಮ್ಮೆ ತಾನಾಗಿ ಇಳಿದು ಮತ್ತೆ ಏರುತ್ತದೆ. ಇಳಿಸಿದ ಹೆಸರು ನಾಟಿ ಸೊಪ್ಪಿಗೆ ಸಿಗುತ್ತದೆ. ಮೇದೋಜೀರಕದ ಕ್ಯಾನ್ಸರ್‌ಗಿಂತ ಈ ತುದಿಯ ಗಡ್ಡೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಬದುಕುವ ಅವಕಾಶ ಹೆಚ್ಚು. ಸೊಪ್ಪು ನಂಬಿ ಕಳೆದುಕೊಂಡ ತಿಂಗಳುಗಳು ಅದಕ್ಕೇ ಹೊಟ್ಟೆ ಉರಿಸುತ್ತವೆ.

ಬೀಡಿ-ಸಿಗರೇಟಿನ ಅಪಾಯ ಗೊತ್ತಿರುವುದೇ. ಎಲೆ-ಅಡಿಕೆಯ ಜೊತೆ ಜಗಿಯುವ ಹೊಗೆಸೊಪ್ಪು ಬಾಯಿಗಷ್ಟೇ ಅಲ್ಲ, ಮೇದೋಜೀರಕ ಗ್ರಂಥಿಗೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆಯ ಸೀಮೆಯಾದ ಚನ್ನಗಿರಿಯಲ್ಲಿ ಇದು ಗೋಡೆಬರಹವಾಗಬೇಕಿತ್ತು.

ಎಲ್ಲರಿಗೂ ತಪಾಸಣೆ ಮಾಡಿ ಎನ್ನುತ್ತಿಲ್ಲ. ಲಕ್ಷಣಗಳಿಲ್ಲದವರಿಗೆ ಅದು ಬೇಡವೆಂದು ಅಮೆರಿಕದ ತಜ್ಞರ ಕಾರ್ಯಪಡೆ 2019ರಲ್ಲೂ ಹೇಳಿತು. ಸರ್ಕಾರ ಮಾಡಬೇಕಾದದ್ದು ಒಂದು ಸುತ್ತೋಲೆ: 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದು, ಕಾರಣವಿಲ್ಲದೆ ತೂಕ ಇಳಿದವರನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕಳುಹಿಸಿ, ಸಿ.ಟಿ. ಮಾಡಿಸಿ. ಮಾಮೂಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಲದು, ಹೊಟ್ಟೆಯ ಗ್ಯಾಸ್ ಅಡ್ಡ ಬಂದು ಗ್ರಂಥಿ ಕಾಣದೇ ಹೋಗಬಹುದು.

ಸುತ್ತೋಲೆ ಬರುವವರೆಗೆ ಕಾಯಬೇಡಿ. ಮುಂದಿನ ಸಲ ಸಕ್ಕರೆ ತೋರಿಸಲು ಹೋದಾಗ ಹೋದ ವರ್ಷ ನಿಮ್ಮ ತೂಕ ಎಷ್ಟಿತ್ತೆಂದು ನೀವೇ ವೈದ್ಯರಿಗೆ ಹೇಳಿ.