ಬೊಲೋನ್ಯಾದ ಮೊಗಸಾಲೆಗಳು

ವಿದ್ಯಾರ್ಜನೆಗೆಂದು ಪರದೇಶಕ್ಕೆ ಹೋದ ತರುಣನು ಮೊದಲ ವಾರದಲ್ಲಿಯೇ ಪ್ರೇಕ್ಷಣೀಯ ಸ್ಥಳಗಳನ್ನೆಲ್ಲ ನೋಡಿ ಮುಗಿಸಿ, ಚಿತ್ರಗಳನ್ನು ಮನೆಗೆ ಕಳುಹಿಸಿ ಕೃತಾರ್ಥನಾಗುವುದು ಈಗಿನ ವಾಡಿಕೆ. ಇಟಲಿಯ ಬೊಲೋನ್ಯಾಕ್ಕೆ ಹೋದವನು ಹಾಗೆ ಮಾಡಿದರೆ ತನ್ನ ಕುಲದ ಚರಿತ್ರೆಯನ್ನೇ ಓದದೆ ಬಿಟ್ಟಂತಾಯಿತು.

ಅಲ್ಲಿಯ ವಿಶ್ವವಿದ್ಯಾನಿಲಯವು 1088ರಲ್ಲಿ ಮೊದಲಾಯಿತೆಂದು ಪ್ರತೀತಿ. ಹೊರನಾಡುಗಳಿಂದ ಬಂದ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿ, ತಾವೇ ಹಣ ಕೊಟ್ಟು ಗುರುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. (ಇಂದಿನ ಅಧ್ಯಾಪಕರು ಬೆಚ್ಚಬೇಕಾಗಿಲ್ಲ!) ಬಂದವರಿಗೆಲ್ಲ ಇರಲು ಎಡೆ ಬೇಕಲ್ಲವೆ? ಮನೆಯವರು ಮೇಲಂತಸ್ತನ್ನು ಬೀದಿಯತ್ತ ಚಾಚಿ, ಕೆಳಗೆ ಕಂಬ ಕೊಟ್ಟರು. ಮೊಗಸಾಲೆಗಳು ಹುಟ್ಟಿದ್ದು ಹೀಗೆ. ನಗರವು ಇವನ್ನು ಒತ್ತುವರಿಯೆಂದು ಕೆಡವಿಸಲಿಲ್ಲ. ಹೊಸ ಮನೆಗಳಿಗೆ ಮೊಗಸಾಲೆ ಇರಲೇಬೇಕೆಂದು 1288ರಲ್ಲಿ ಕಟ್ಟಳೆ ಮಾಡಿತು. ನೆಲ ಮನೆಯೊಡೆಯನದು, ನಡೆಯುವ ಹಕ್ಕು ಎಲ್ಲರದು. ಹಳೆಯ ಊರಿನೊಳಗೇ ಇವು ಸುಮಾರು 38 ಕಿಲೋಮೀಟರು ಹಬ್ಬಿವೆ. 2021ರಲ್ಲಿ ಯುನೆಸ್ಕೋದ ಮನ್ನಣೆಯೂ ದೊರಕಿತು.

ಬಾಡಿಗೆಯ ಕೋಣೆಗಾಗಿ ಅಲೆಯುವ ಮೊದಲ ದಿನಗಳನ್ನು ಹೊಸಬರು ವ್ಯರ್ಥವೆಂದು ಹಳಿಯುತ್ತಾರೆ. ನನಗೆ ಹಾಗೆನಿಸದು. ಈ ಕಂಬಗಳು ನಿಂತಿರುವುದೇ ಹಿಂದೆ ಹೀಗೆ ಅಲೆದವರ ದೆಸೆಯಿಂದ. ಬಾಗಿಲು ಬಾಗಿಲಿಗೂ ವಿಚಾರಿಸುತ್ತ ನಡೆದವನು ಊರನ್ನು ಕಂಡಷ್ಟು ಗೋಪುರ ಹತ್ತಿದವನು ಕಾಣಲಾರ. ಸಾನ್ ಲೂಕಾ ಗುಡ್ಡದವರೆಗಿನ 666 ಕಮಾನುಗಳನ್ನು ಬೇಕಾದರೆ ರಜಕ್ಕೆ ಇಟ್ಟುಕೊಳ್ಳಲಿ.