ವಿದೂಷಕನ ಸಾಕ್ಷಿ

ಜನರನ್ನು ನಗಿಸುವದು ಕೀಳು ವಿದ್ಯೆಯೆಂಬ ಭಾವನೆಯು ನಮ್ಮ ಸುಶಿಕ್ಷಿತರಲ್ಲಿ ಆಳವಾಗಿ ಬೇರೂರಿದೆ. ಯಕ್ಷಗಾನದಲ್ಲಿ ಹಾಸ್ಯಗಾರನಿಲ್ಲದೆ ಇರುಳು ಬೆಳಗಾಗದು. ‘ಸದಾರಮೆ’ಯನ್ನು ನೋಡಿ ಬಂದವರು ಗುಬ್ಬಿ ವೀರಣ್ಣನವರ ಕಳ್ಳನನ್ನು ಕೊಂಡಾಡದೆ ಬಿಡುತ್ತಿರಲಿಲ್ಲ. ಆದರೂ ಮಾನಮರ್ಯಾದೆಯ ಪಂಕ್ತಿಯಲ್ಲಿ ಹಾಸ್ಯಗಾರನ ಎಲೆ ಯಾವಾಗಲೂ ಕೊನೆಗೇ ಬೀಳುವದು. ಈ ಭಾವನೆಯು ಎಷ್ಟು ಅನ್ಯಾಯದ್ದೆಂಬುದನ್ನು ಅರಿಯಬಯಸುವ ವಾಚಕರು, ಚಾರ್ಲಿ ಚಾಪ್ಲಿನ್ನರು ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ, 1964ರಲ್ಲಿ, ಪ್ರಕಟಿಸಿದ ಆತ್ಮಕಥೆಯನ್ನು ಅವಶ್ಯವಾಗಿ ಓದಬೇಕು.

ಚಾಪ್ಲಿನ್ನರು ಹುಟ್ಟಿದ್ದು 1889ರಲ್ಲಿ. ತಂದೆತಾಯಿಗಳಿಬ್ಬರೂ ಲಂಡನ್ನಿನ ರಂಗಭೂಮಿಯ ಗಾಯಕರು. ತಂದೆ ಕುಡಿತಕ್ಕೆ ಬಲಿಯಾದನು. ತಾಯಿಯ ಕಂಠವು ಕ್ರಮೇಣ ಕೆಡುತ್ತ ಬಂದಿತು. ಆಲ್ಡರ್‌ಷಾಟ್ ಎಂಬ ದಂಡಿನ ಊರಿನಲ್ಲಿ ಒಂದು ರಾತ್ರಿ ಹಾಡುತ್ತಿರುವಾಗಲೇ ಆಕೆಯ ಸ್ವರ ಬಿದ್ದುಹೋಯಿತು. ಸಿಪಾಯಿಗಳು ಕೂಗಿ ಅಣಕಿಸತೊಡಗಿದರು. ಆಗ ರಂಗದ ವ್ಯವಸ್ಥಾಪಕನು ಐದು ವರ್ಷದ ಮಗನನ್ನು ಕೈಹಿಡಿದು ತಂದು ಆಕೆಯ ಸ್ಥಾನದಲ್ಲಿ ನಿಲ್ಲಿಸಿದನು. ಹಾಡು ಅರ್ಧವಾಗುವಷ್ಟರಲ್ಲಿ ನಾಣ್ಯಗಳ ಮಳೆಗರೆಯಿತು. ಹುಡುಗನು ಹಾಡನ್ನು ನಿಲ್ಲಿಸಿ, ಮೊದಲು ಹಣವನ್ನು ಆರಿಸಿಕೊಂಡು ಆಮೇಲೆ ಹಾಡುವೆನೆಂದು ಸಾರಿಬಿಟ್ಟನು! ಸಭೆಯೆಲ್ಲ ನಗೆಗಡಲು. ಆರಿಸಲು ನೆರವಾದ ವ್ಯವಸ್ಥಾಪಕನು ಹಣವನ್ನು ತಾನೇ ಇಟ್ಟುಕೊಂಡಾನೆಂದು ಬೆದರಿ, ಅದು ತಾಯಿಯ ಕೈಸೇರುವವರೆಗೂ ಹುಡುಗನು ಅವನ ಬೆನ್ನುಬಿಡಲಿಲ್ಲ. ಬಳಿಕ ಏನೂ ಅರಿಯದೆ ತಾಯಿಯ ಒಡೆದ ಸ್ವರವನ್ನೇ ಅನುಕರಿಸಿ ಹಾಡಿದನು. ಜನರು ಮತ್ತಷ್ಟು ನಕ್ಕರು. ಆ ರಾತ್ರಿ ತನ್ನ ಮೊದಲನೆಯ ರಂಗಪ್ರವೇಶವೂ ತಾಯಿಯ ಕೊನೆಯದೂ ಆಯಿತೆಂದು ವೃದ್ಧ ನಟರು ಬರೆದಿದ್ದಾರೆ.

ಇನ್ನೊಂದು ಸಂಗತಿ. ಅವರ ಬೀದಿಯ ಕೊನೆಯಲ್ಲಿ ಒಂದು ಕಸಾಯಿಖಾನೆ. ಒಂದು ದಿನ ಅಲ್ಲಿಗೆ ಹೊರಟ ಕುರಿಯೊಂದು ತಪ್ಪಿಸಿಕೊಂಡು ಓಡಿತು. ಹಿಡಿಯಹೋದವರು ಎಡವಿ ಬಿದ್ದರು, ನೋಡಿದವರು ನಕ್ಕರು, ಹುಡುಗನೂ ನಕ್ಕನು. ಕುರಿ ಸಿಕ್ಕಿ ಅದನ್ನು ಎಳೆದೊಯ್ಯುವಾಗ ಮಾತ್ರ ಅವನಿಗೆ ಅರಿವಾಯಿತು: ಅದನ್ನು ಕೊಲ್ಲುವರು! ಅಳುತ್ತ ಮನೆಗೆ ಓಡಿದನು. ದುಃಖವನ್ನೂ ಹಾಸ್ಯವನ್ನೂ ಕೂಡಿಸಿದ ತನ್ನ ಚಿತ್ರಗಳ ಮೂಲವು ಅಲ್ಲಿಯೇ ಇದ್ದೀತೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಏಳನೆಯ ವಯಸ್ಸಿಗೆ ಬಡವರ ದುಡಿಮೆಮನೆಯ ಅನ್ನವುಂಡವರು ಈ ಪ್ರಶ್ನೆಯನ್ನು ಪುಸ್ತಕಗಳಿಂದ ಕಲಿಯಲಿಲ್ಲ.

ಆದುದರಿಂದಲೇ 1914ರಲ್ಲಿ ಅವರು ಕಟ್ಟಿಕೊಂಡ ವೇಷವು ಲೋಕಕ್ಕೆ ಪರಿಚಿತನ ವೇಷದಂತೆ ಕಂಡಿತು. ದೊಗಲೆ ಷರಾಯಿ, ಬಿಗಿದ ಕೋಟು, ಚಿಕ್ಕ ಟೊಪ್ಪಿಗೆ, ದೊಡ್ಡ ಬೂಟು, ಕೈಯಲ್ಲಿ ಬೆತ್ತ! ಹೊಟ್ಟೆಗಿಲ್ಲದಿದ್ದರೂ ಗೃಹಸ್ಥನ ಮರ್ಯಾದೆಯನ್ನು ಬಿಡಲೊಲ್ಲದ ಬಡವನು ಅವನು. ನಮ್ಮ ಯಾವ ಪೇಟೆಯಲ್ಲಿ ಅಂಥವನಿಲ್ಲ?

ವ್ಯವಹಾರದ ಮಾತೂ ವಿಚಾರಾರ್ಹವಾದುದು. 1916ರಲ್ಲಿ ಒಂದು ಕಂಪನಿಯವರು ವರ್ಷಕ್ಕೆ 6,70,000 ಡಾಲರುಗಳನ್ನು ಕೊಡಲೊಪ್ಪಿದರು. ಅಷ್ಟು ಸಂಬಳಕ್ಕೂ ಅವರು ತೃಪ್ತರಾಗಿ ಕೂಡಲಿಲ್ಲ. 1919ರಲ್ಲಿ ಮೂವರು ಸಂಗಡಿಗರೊಡನೆ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯನ್ನು ಕಟ್ಟಿ, ಚಿತ್ರ ಮಾಡಿದವನೇ ಚಿತ್ರದ ಯಜಮಾನನಾಗತಕ್ಕದ್ದೆಂದು ತೋರಿಸಿದರು. ಕೂಲಿ ಎಷ್ಟೇ ದೊಡ್ಡದಾದರೂ ಒಡೆತನಕ್ಕೆ ಸಮವಾಗದೆಂಬುದು ಕಲಾವಿದರೆಲ್ಲರೂ ನೆನಪಿಡಬೇಕಾದ ಪಾಠ.

ಭಾರತೀಯರಿಗೆ ಈ ಜೀವನದಲ್ಲಿ ವಿಶೇಷವಾದ ಒಂದು ದಿನವಿದೆ. 1931ರ ಸಪ್ಟೆಂಬರ 22ರಂದು, ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿಯವರನ್ನು ಚಾಪ್ಲಿನ್ನರು ಪೂರ್ವ ಲಂಡನ್ನಿನ ಬಡವರ ಕೇರಿಯೊಂದರಲ್ಲಿ ಕಂಡರು. ಯಂತ್ರಗಳನ್ನು ತಾವೇಕೆ ವಿರೋಧಿಸುವಿರೆಂಬುದೇ ಅವರ ಪ್ರಶ್ನೆ. ಯಂತ್ರವು ಭಾರತವನ್ನು ಇಂಗ್ಲೆಂಡಿನ ಹಂಗಿಗೆ ಕೆಡಹಿತು, ಆ ಹಂಗನ್ನು ಹರಿಯಲು ನೂಲುವದೇ ದೇಶಧರ್ಮವೆಂದು ಮಹಾತ್ಮರು ವಿವರಿಸಿದರು. 1936ರಲ್ಲಿ ‘ಮಾಡರ್ನ್ ಟೈಮ್ಸ್’ ಬಂದಿತು. ಡೆಟ್ರಾಯಿಟಿನ ಕಾರಖಾನೆಗಳಲ್ಲಿ ನಾಲ್ಕೈದು ವರ್ಷ ದುಡಿದ ತರುಣರ ನರಗಳು ಕೆಡುವವೆಂದು ಪತ್ರಕರ್ತನೊಬ್ಬನಿಂದ ಕೇಳಿದ್ದೇ ಅದಕ್ಕೆ ಪ್ರೇರಣೆಯೆಂದು ಅವರು ಹೇಳಿದ್ದಾರೆ. ಆದರೂ ಗಾಂಧೀಜಿಯವರ ಉತ್ತರವನ್ನು ಬಲ್ಲವರಿಗೆ, ಯಂತ್ರದ ಬಾಯಿಗೆ ಸಿಕ್ಕಿ ಉರುಳುವ ಆ ಕೂಲಿಕಾರನು ತೀರ ಅಪರಿಚಿತನಾಗಿ ಕಾಣಲಾರನು.

1940ರಲ್ಲಿ ಅವರು ಹಿಟ್ಲರನನ್ನೇ ನಗೆಗೀಡುಮಾಡಿದರು. ಆಳುವವರಿಗೆ ನಗುವಿನ ಭಯವೆಷ್ಟೆಂಬುದು ಮಾತ್ರ ಅವರಿಗೆ ಸ್ವಾತಂತ್ರ್ಯದ ಬೀಡೆನಿಸಿದ ಅಮೇರಿಕೆಯಲ್ಲಿಯೇ ತಿಳಿಯಬೇಕಾಯಿತು. 1952ರ ಸಪ್ಟೆಂಬರದಲ್ಲಿ, ಮುದಿ ಹಾಸ್ಯಗಾರನೊಬ್ಬನ ಕಥೆಯಾದ ‘ಲೈಮ್‌ಲೈಟ್’ ಚಿತ್ರದ ಪ್ರದರ್ಶನಕ್ಕಾಗಿ ಅವರು ಹಡಗಿನಲ್ಲಿ ಲಂಡನ್ನಿಗೆ ಹೊರಟಿರುವಾಗ, ಮರಳಿ ಬರುವ ಅವರ ಪರವಾನಗಿಯನ್ನು ಅಲ್ಲಿಯ ಅಟಾರ್ನಿ ಜನರಲ್ಲರು ರದ್ದುಗೊಳಿಸಿದರು. ಆರೋಪಪತ್ರವಿಲ್ಲ, ಸಾಕ್ಷಿಗಳಿಲ್ಲ, ವಿಚಾರಣೆಯಿಲ್ಲ! ಅವರನ್ನು ತಡೆಯಲು ಸಾಕಷ್ಟು ಪುರಾವೆಯಿಲ್ಲವೆಂಬುದು ಅಧಿಕಾರಿಗಳಿಗೇ ತಿಳಿದಿತ್ತೆಂದು ಮುಂದೆ ಹೊರಬಿದ್ದ ಸರಕಾರೀ ಕಾಗದಪತ್ರಗಳು ಹೇಳುತ್ತವೆ. ನಲವತ್ತು ವರ್ಷ ದುಡಿದ ನೆಲದಿಂದ ಒಬ್ಬ ಮನುಷ್ಯನನ್ನು ಹೀಗೆ ಹೊರಹಾಕುವದು ಯಾವ ನ್ಯಾಯಶಾಸ್ತ್ರಕ್ಕೂ ಒಪ್ಪತಕ್ಕದ್ದಲ್ಲ. ಇಪ್ಪತ್ತು ವರ್ಷಗಳ ಮೇಲೆ, 1972ರಲ್ಲಿ, ಅದೇ ದೇಶವು ಅವರನ್ನು ಕರೆದು ಗೌರವ ಪ್ರಶಸ್ತಿಯಿತ್ತಿತು. ಸಭೆಯು ಎದ್ದುನಿಂತು ಬಹುಹೊತ್ತು ಚಪ್ಪಾಳೆ ತಟ್ಟಿತು. ಆದರೆ ಅಷ್ಟರಲ್ಲಿ ಅವರಿಗೆ ಎಂಬತ್ತೆರಡು ವಯಸ್ಸು. ಕಳೆದ ವರ್ಷಗಳನ್ನು ಚಪ್ಪಾಳೆ ಹಿಂದಿರುಗಿಸಲಾರದು.

ಅವರನ್ನು ದೇವರಾಗಿಸುವ ಉದ್ದೇಶವು ನಮಗಿಲ್ಲ. ಹದಿನಾರು ವರ್ಷದ ಹುಡುಗಿಯರನ್ನು ಎರಡು ಸಾರೆ ವರಿಸಿ, ಎರಡು ಸಂಸಾರಗಳನ್ನೂ ಕೆಡಿಸಿಕೊಂಡವರು ಅವರು. ಎರಡನೆಯವಳ ವಿಷಯವನ್ನು ಆತ್ಮಕಥೆಯಲ್ಲಿ ಕೆಲವೇ ಮಾತುಗಳಲ್ಲಿ ದಾಟಿಬಿಡುತ್ತಾರೆ. ಸಾಕ್ಷಿಯು ಎಲ್ಲಿ ಮೌನ ತಾಳಿದನೆಂಬುದನ್ನು ಗುರುತಿಸುವದು ವಾಚಕರ ಹಕ್ಕು. ಪುಸ್ತಕದ ಉತ್ತರಾರ್ಧದಲ್ಲಿ ದೊಡ್ಡವರ ಹೆಸರುಗಳೂ ಔತಣಗಳೂ ಮಿತಿಮೀರಿವೆ. ಪೂರ್ವಾರ್ಧದ ಹಸಿದ ಹುಡುಗನೇ ಹೆಚ್ಚಿನ ಸತ್ಯವಂತನು.

ಆ ಹುಡುಗನ ಸಾಕ್ಷಿಯು ನಮಗೆ ಸಾಕು. ನಮ್ಮ ನಾಟಕ ಕಂಪನಿಗಳಲ್ಲಿಯೂ ಮೇಳಗಳಲ್ಲಿಯೂ ಬಾಳು ಸವೆಸಿದ ಹಾಸ್ಯಗಾರರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವವರು ಬೇಕು. ಅವರ ವೃದ್ಧಾಪ್ಯಕ್ಕೆ ಅನ್ನವಸ್ತ್ರಗಳ ಏರ್ಪಾಡೂ ಬೇಕು. ಸತ್ತ ಮೇಲೆ ಸಭೆ ಕೂಡಿಸಿ ಹೊಗಳುವದು ಸುಲಭ; ಬದುಕಿರುವಾಗ ಪಂಕ್ತಿಯ ಮೊದಲಿಗೆ ಕರೆದು ಕೂಡ್ರಿಸುವದೇ ನಿಜವಾದ ರಸಿಕತೆ. ಕನ್ನಡಿಗರು ಈ ಕಾರ್ಯಕ್ಕೆ ತಡಮಾಡಬಾರದು.